ಪಿಯುಸಿಗೆ ಯಾವ ಕಾಂಬಿನೇಷನ್?

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಮಕ್ಕಳಿಗೆ ಇದು ರಜೆ, ಅಪ್ಪ ಅಮ್ಮನಿಗೆ ಕಾಯುವ ಕಾಲ. ಇವತ್ತು ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಮುಂದೆ ಏನು ಓದಬೇಕು ಅಂತ ತೀರ್ಮಾನ ಮಾಡುವುದಕ್ಕೆ ಫಲಿತಾಂಶದ ದಿನದವರೆಗೆ ಕಾಯಬೇಡಿ. ಆ ದಿನ ಬಂದ ಮೇಲೆ ಯೋಚಿಸುವುದಕ್ಕೆ ಯಾರೂ ಬಿಡುವುದಿಲ್ಲ. ಫೋನ್ ಮೇಲೆ ಫೋನ್ ಬರುತ್ತದೆ. ಸೀಟು ತುಂಬಿಹೋಗುತ್ತದೆ ಅನ್ನುವ ಗಾಬರಿ ಶುರುವಾಗುತ್ತದೆ. ಈಗ ಸಮಯ ಇದೆ, ಈಗಲೇ ಕೂತು ಮಾತಾಡಿ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಅಡ್ಮಿಷನ್ ಸಮಯದಲ್ಲಿ ಅರ್ಜಿ ತೆಗೆದುಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಪ್ರಶ್ನೆ, "ಸರ್, ಇಷ್ಟು ಮಾರ್ಕ್ಸಿಗೆ ಏನು ಸಿಗುತ್ತೆ?" ಜಾಸ್ತಿ ಬಂದರೆ ಸೈನ್ಸ್, ಸುಮಾರಾಗಿ ಬಂದರೆ ಕಾಮರ್ಸ್, ಕಡಿಮೆ ಬಂದರೆ ಆರ್ಟ್ಸ್. ನಮ್ಮಲ್ಲಿ ಇದು ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಯಾಕೆ ಹೀಗೆ ಅಂತ ಯಾರೂ ಕೇಳುವುದೇ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದರಲ್ಲಿ ಮೊದಲ ಭಾಷೆಗೆ 125, ಎರಡನೇ ಭಾಷೆಗೆ 100, ಮೂರನೇ ಭಾಷೆಗೆ 100. ಅಂದರೆ ಭಾಷೆಗಳದ್ದೇ 325. ಸಮಾಜ ವಿಜ್ಞಾನಕ್ಕೆ ಇನ್ನೊಂದು 100. ಗಣಿತಕ್ಕೂ ವಿಜ್ಞಾನಕ್ಕೂ ಸೇರಿ ಉಳಿಯುವುದು 200 ಮಾತ್ರ. ಹೀಗಿರುವಾಗ ಒಟ್ಟು ಅಂಕ ನೋಡಿ ಸೈನ್ಸ್‌ಗೆ ಕಳಿಸಿದರೆ, ನಾವು ನೋಡಿದ್ದು ಬಹುಪಾಲು ಭಾಷೆಯ ಅಂಕವನ್ನು. ಭಾಷೆಯಲ್ಲೂ ಸಮಾಜದಲ್ಲೂ ಪೂರ್ತಿ ಅಂಕ ತೆಗೆದ ಹುಡುಗಿ ಗಣಿತದಲ್ಲಿ 70 ತೆಗೆದಿದ್ದರೂ ಒಟ್ಟಿನಲ್ಲಿ 585, 590ರ ಹತ್ತಿರ ಇರಬಹುದು. ಅವಳಿಗೆ ನಿಜವಾಗಿ ಇಷ್ಟ ಚರಿತ್ರೆ ಇರಬಹುದು. ಅಷ್ಟು ಮಾರ್ಕ್ಸ್ ತೆಗೆದವಳು ಆರ್ಟ್ಸ್ ಸೇರುವುದೇ ಅಂತ ಎಲ್ಲರೂ ಬಾಯಿ ಮುಚ್ಚಿಸುತ್ತಾರೆ. ಅದಕ್ಕೇ ಹೇಳುತ್ತೇನೆ, ಅಂಕಪಟ್ಟಿ ಬಂದಾಗ ಕೊನೆಯ ಸಾಲು ಆಮೇಲೆ ನೋಡಿ. ಗಣಿತ ಎಷ್ಟು, ವಿಜ್ಞಾನ ಎಷ್ಟು ಅಂತ ಮೊದಲು ನೋಡಿ. ಅದರಲ್ಲೂ ಶಾಲೆಯಲ್ಲಿ ಕೊಟ್ಟ ಆಂತರಿಕ ಅಂಕ ಬಿಟ್ಟು, ಪರೀಕ್ಷೆಯಲ್ಲಿ ಬರೆದು ತೆಗೆದದ್ದು ಎಷ್ಟು ಅಂತ ನೋಡಿ.

ಪಿಯುಸಿಯಲ್ಲಿ ಏನಿರುತ್ತದೆ? ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಂದೊಂದಕ್ಕೂ 100, ಒಟ್ಟು 600. ಈ ನಾಲ್ಕು ವಿಷಯಗಳ ಜೋಡಣೆಯೇ ಕಾಂಬಿನೇಷನ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಸೇರಿದರೆ ಪಿಸಿಎಂಬಿ. ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಬಂದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಬಂದರೆ ಪಿಸಿಎಂಇ. ಕಾಮರ್ಸ್‌ನಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ನಾಲ್ಕನೆಯದಾಗಿ ಇತಿಹಾಸವೋ ಸಂಖ್ಯಾಶಾಸ್ತ್ರವೋ ಕಂಪ್ಯೂಟರೋ ಬೇಸಿಕ್ ಮ್ಯಾಥ್ಸೋ ಇರುತ್ತದೆ. ಆರ್ಟ್ಸ್‌ನಲ್ಲಿ ಎಲ್ಲರಿಗೂ ಗೊತ್ತಿರುವುದು ಎಚ್‌ಇಪಿಎಸ್. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ ಇದರಲ್ಲಿ ಯಾವುದೆಲ್ಲ ಇದೆ ಅಂತ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ. ಎಲ್ಲ ಕಾಲೇಜಿನಲ್ಲೂ ಎಲ್ಲ ಇರುವುದಿಲ್ಲ.

ಇನ್ನು ಆರಿಸುವುದು ಹೇಗೆ? ಹಿಂದಿನಿಂದ ಲೆಕ್ಕ ಹಾಕಿ. ಪಿಯುಸಿ ಆದ ಮೇಲೆ ಯಾವ ಓದು ಅಂತ ಎರಡೋ ಮೂರೋ ಆಸೆ ಬರೆದುಕೊಳ್ಳಿ. ಆ ಓದಿಗೆ ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು ಅಂತ ಪತ್ತೆ ಮಾಡಿ.

ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಇರಲೇಬೇಕು. ಮೂರನೆಯದು ರಸಾಯನಶಾಸ್ತ್ರ ಇದ್ದರೆ ಸಾಕು. ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದರೆ ಪಿಸಿಎಂಸಿಯೇ ಓದಬೇಕು ಅಂತ ತುಂಬ ಜನ ನಂಬಿದ್ದಾರೆ. ಹಾಗೇನಿಲ್ಲ. ಪಿಸಿಎಂಬಿ ಓದಿದವರೂ ಆ ಸೀಟಿಗೆ ಸಮಾನ ಅರ್ಹರು. ಕಂಪ್ಯೂಟರ್ ವಿಷಯ ನಿಜವಾಗಿ ಇಷ್ಟ ಇದ್ದರೆ ತಗೊಳ್ಳಿ, ಸೀಟಿಗಾಗಿ ತಗೊಳ್ಳುವ ಅಗತ್ಯ ಇಲ್ಲ. ವೈದ್ಯಕೀಯಕ್ಕೆ ನೀಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಗಣಿತ ಬೇಡ. ಬಿ.ಎಸ್‌ಸಿ. ನರ್ಸಿಂಗ್, ಪಶುವೈದ್ಯಕೀಯ ಇವಕ್ಕೂ ಜೀವಶಾಸ್ತ್ರ ಇರಬೇಕು. ವಾಯುಪಡೆಗೋ ನೌಕಾಪಡೆಗೋ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಹೋಗುವ ಆಸೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಕಾನೂನಿನ ಐದು ವರ್ಷದ ಕೋರ್ಸಿಗೆ ಯಾವ ವಿಭಾಗ ಆದರೂ ಸರಿ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗಲು ಬರೆಯುವ ಕ್ಲಾಟ್ ಪರೀಕ್ಷೆಗೂ ಅಷ್ಟೆ. ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಪರೀಕ್ಷೆ ಸಿ.ಎ. ಫೌಂಡೇಷನ್, ಅದನ್ನು ಯಾವ ವಿಭಾಗದವರು ಬೇಕಾದರೂ ಬರೆಯಬಹುದು. ಐಎಎಸ್, ಕೆಎಎಸ್‌ಗೆ ಯಾವುದೇ ಪದವಿ ಸಾಕು.

ಸೈನ್ಸ್ ಓದಿದವರು ಆಮೇಲೆ ಬಿ.ಕಾಂ., ಬಿ.ಎ., ಕಾನೂನು ಎಲ್ಲಿಗೆ ಬೇಕಾದರೂ ತಿರುಗಬಹುದು. ಆರ್ಟ್ಸ್, ಕಾಮರ್ಸ್ ಓದಿದವರು ಎಂಜಿನಿಯರಿಂಗ್ ಕಡೆಗೆ ಬರುವ ಹಾಗಿಲ್ಲ. ಇದನ್ನೇ ಹಿಡಿದುಕೊಂಡು, "ಈಗ ಸೈನ್ಸ್ ತಗೊಂಡುಬಿಡು, ಆಮೇಲೆ ಬೇಕಾದರೆ ಬದಲಾಯಿಸು" ಅಂತ ಹಿರಿಯರು ಹೇಳುತ್ತಾರೆ. ಕೇಳುವುದಕ್ಕೆ ಜಾಣತನದ ಮಾತು ಅನ್ನಿಸುತ್ತದೆ, ಅಲ್ವಾ? ಆದರೆ ಆ ಎಲ್ಲ ದಾರಿ ತೆರೆದಿರುವುದು ಪಾಸಾದವರಿಗೆ. ಗಣಿತ ಅಂದರೆ ಹೊಟ್ಟೆಯಲ್ಲಿ ಸಂಕಟ ಆಗುವ ಮಗುವನ್ನು ಎರಡು ವರ್ಷ ಅಲ್ಲಿ ಕೂರಿಸಿದರೆ ಏನಾಗುತ್ತದೆ ಅಂತ ನಾನು ತರಗತಿಯಲ್ಲಿ ದಿನವೂ ನೋಡುತ್ತೇನೆ. ಆಗಸ್ಟ್ ಹೊತ್ತಿಗೆ ಅವನು ಕೊನೆಯ ಬೆಂಚಿಗೆ ಹೋಗುತ್ತಾನೆ. ದಸರಾ ಕಳೆದ ಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆ. ಬೋರ್ಡಿನ ಮೇಲಿರುವುದನ್ನು ಸುಮ್ನೆ ಬರೆದುಕೊಳ್ಳುತ್ತಾನೆ. ಹತ್ತನೇ ತರಗತಿಯಲ್ಲಿ ಶಾಲೆಗೇ ಚುರುಕಾಗಿದ್ದ ಹುಡುಗ, ನನಗೆ ಏನೂ ಬರಲ್ಲ ಅಂತ ನಂಬಿಕೊಳ್ಳುತ್ತಾನೆ. ಅವನಿಗೆ ಕಾಮರ್ಸೋ ಆರ್ಟ್ಸೋ ಕೊಟ್ಟಿದ್ದರೆ ಮುಂದಿನ ಬೆಂಚಿನಲ್ಲಿ ಕೂತಿರುತ್ತಿದ್ದ. ನಾನು ಗಣಿತದ ಮೇಷ್ಟ್ರು. ಗಣಿತ ಎಲ್ಲರೂ ಓದಲಿ ಅನ್ನುವ ಆಸೆ ನನಗಿಲ್ಲದೆ ಇರುತ್ತದೆಯೇ? ಆದರೂ ಹೇಳುತ್ತೇನೆ, ಹಿರಿಯರ ಆ ಒಂದು ಮಾತಿಗೆ ಮಕ್ಕಳನ್ನು ಬಲಿ ಕೊಡಬೇಡಿ.

ಕಾಮರ್ಸ್ ಸೇರುವವರಿಗೆ ಒಂದು ಕಿವಿಮಾತು. ನಾಲ್ಕನೇ ವಿಷಯವಾಗಿ ಸಂಖ್ಯಾಶಾಸ್ತ್ರವನ್ನೋ ಬೇಸಿಕ್ ಮ್ಯಾಥ್ಸನ್ನೋ ಸುಲಭಕ್ಕೆ ಬಿಟ್ಟುಕೊಡಬೇಡಿ. ಸಿ.ಎ. ಫೌಂಡೇಷನ್‌ನಲ್ಲಿ ಲೆಕ್ಕದ ಪತ್ರಿಕೆ ಇದೆ. ಅರ್ಥಶಾಸ್ತ್ರವನ್ನು ಎಂ.ಎ.ವರೆಗೆ ಓದುವವರಿಗೆ ಸಂಖ್ಯಾಶಾಸ್ತ್ರ ಇಲ್ಲದೆ ಮುಂದೆ ಹೋಗುವುದೇ ಕಷ್ಟ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಬೇಕು. ಹಳ್ಳಿಯ ಪ್ರೌಢಶಾಲೆಯಿಂದ ವಿಜ್ಞಾನದಲ್ಲಿ 95 ತೆಗೆದು ಬಂದ ಮಗು, ಪ್ರಥಮ ಪಿಯುಸಿಯ ಮೊದಲ ತಿಂಗಳಲ್ಲೇ ಅಳುತ್ತಾ ಟಿಸಿ ಕೇಳುತ್ತದೆ. ಅವಳಿಗೆ ವಿಜ್ಞಾನ ಬರುತ್ತದೆ. ಇಂಗ್ಲಿಷಿನ ಪಾಠ ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ, ಅಷ್ಟೆ. ಬೆಳಕಿನ ವಕ್ರೀಭವನ ಅವಳಿಗೆ ಚೆನ್ನಾಗಿ ಗೊತ್ತು. ನಾವು ರಿಫ್ರ್ಯಾಕ್ಷನ್ ಅಂದಾಗ ಅದು ಬೇರೆ ಏನೋ ಅಂದುಕೊಳ್ಳುತ್ತಾಳೆ. ಇದಕ್ಕೆ ಈ ರಜೆಯಲ್ಲೇ ಮಾಡಬಹುದಾದ ಕೆಲಸ ಇದೆ. ರಾಜ್ಯ ಸರ್ಕಾರದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಪಾಠ ಅವೇ, ಚಿತ್ರ ಅವೇ. ಇಂಗ್ಲಿಷ್ ಮಾಧ್ಯಮದ ಗೆಳೆಯರಿಂದ ಹಳೆಯ ಪುಸ್ತಕ ತಂದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಪಾಠ ಮೊದಲೇ ಗೊತ್ತಿರುವುದರಿಂದ ಪದ ಮಾತ್ರ ಕಲಿಯಬೇಕು. ಗಣಿತ ಪುಸ್ತಕಕ್ಕೂ ಹಾಗೇ ಮಾಡಿ. ಜೂನ್‌ನಲ್ಲಿ ತರಗತಿಗೆ ಬರುವಾಗ ಅರ್ಧ ಭಯ ಹೋಗಿರುತ್ತದೆ. ಉಪನ್ಯಾಸಕರಿಗೂ ನನ್ನ ವಿನಂತಿ, ಮೊದಲ ಎರಡು ತಿಂಗಳು ಎರಡೂ ಭಾಷೆಯಲ್ಲಿ ಹೇಳಿ. ಸಿಲಬಸ್ ಓಡುತ್ತದೆ, ನನಗೂ ಗೊತ್ತು. ಆದರೂ ಹೇಳಿ.

ಈ ಮಕ್ಕಳಿಗೆ ಸರ್ಕಾರ ಕೊಟ್ಟಿರುವ ಬೆಂಬಲವೂ ಇದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಸಿಇಟಿ. ಅದರ ಮೂಲಕ ಸಿಗುವ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಮೀಸಲು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಬೇರೆ ಮೀಸಲಾತಿ ಇದೆ.

ಪಿಯುಸಿ ಒಂದೇ ದಾರಿಯಲ್ಲ. ಕೈ ಕೆಲಸದಲ್ಲಿ ಮನಸ್ಸಿರುವ ಮಗುವಿಗೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಅದು ಮುಗಿದ ಮೇಲೆ ಡಿಪ್ಲೊಮಾದವರಿಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಒಂದು, ಎರಡು ವರ್ಷದ ಐಟಿಐ ಇದೆ. ಸರ್ಕಾರದ್ದೇ ಆದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ, ಕಾರ್ಖಾನೆಯ ಉಪಕರಣ, ಅಚ್ಚು ಮಾಡುವುದನ್ನು ಕಲಿಸುವ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಅದರಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮನೆಯಲ್ಲಿ ಮಿಕ್ಸಿ ಬಿಚ್ಚಿ ಜೋಡಿಸುವ ಹುಡುಗನನ್ನು ನೋಡಿ ಬೈಯುವ ಬದಲು ಜಿಟಿಟಿಸಿ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ, ಯಂತ್ರಗಳನ್ನು ತೋರಿಸಿ.

ಸೇರಿದ ಮೇಲಿನ ಎರಡು ವರ್ಷದ ಲೆಕ್ಕವೂ ಈಗಲೇ ಗೊತ್ತಿರಲಿ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ. ಕೋಚಿಂಗ್ ಹಿಂದೆ ಓಡಿ ಕಾಲೇಜಿನ ಪಾಠ ಬಿಟ್ಟವರು ಆ ಅರ್ಧವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕ ಇದೆ, ಲ್ಯಾಬ್ ತಪ್ಪಿಸಬೇಡಿ. ಹಾಜರಾತಿ ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಇನ್ನು ವೈದ್ಯಕೀಯ ಸೀಟಿಗೆ ಲೆಕ್ಕಕ್ಕೆ ಬರುವುದು ನೀಟ್ ರ‍್ಯಾಂಕ್. ಅದರ ತಯಾರಿ ಬೇರೆ ರೀತಿಯದು. ಎರಡೂ ಪರೀಕ್ಷೆಗೆ ಒಟ್ಟಿಗೆ ತಯಾರಿ ಮಾಡಿಸುತ್ತೇವೆ ಅಂತ ಲಕ್ಷಗಟ್ಟಲೆ ಶುಲ್ಕ ಕೇಳುವವರು ಸಿಗುತ್ತಾರೆ. ಸಾಲ ಮಾಡಿ ಸೇರಿಸುವ ಮುಂಚೆ ಅಲ್ಲಿ ಓದುತ್ತಿರುವ ಮಗುವನ್ನೇ ಕೇಳಿ, ಎಷ್ಟು ಹೊತ್ತಿಗೆ ಏಳುತ್ತೀಯ, ಎಷ್ಟು ಹೊತ್ತಿಗೆ ಮಲಗುತ್ತೀಯ, ಸಂದೇಹ ಬಂದರೆ ಯಾರು ಹೇಳಿಕೊಡುತ್ತಾರೆ ಅಂತ. ಆ ಮಗುವಿನ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ಒಂದು ಪರೀಕ್ಷೆ ಕೈಕೊಟ್ಟರೆ ವರ್ಷ ಹೋಯಿತು ಅಂತಲೂ ಅಂದುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ.

ಸೇರಿ ಕೆಲವು ವಾರಕ್ಕೇ ವಿಷಯ ಹಿಡಿಸುತ್ತಿಲ್ಲ ಅನ್ನಿಸಿದರೆ ತಡ ಮಾಡದೆ ಪ್ರಾಂಶುಪಾಲರ ಹತ್ತಿರ ಹೋಗಿ ಕೇಳಿ. ಶುರುವಿನಲ್ಲಿ ಕಾಂಬಿನೇಷನ್ ಬದಲಾಯಿಸುವುದು ಸುಲಭ. ಪರೀಕ್ಷೆ ಹತ್ತಿರ ಬಂದಾಗ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಈ ವಾರವೇ ಮಾಡಬೇಕಾದ ಕಾಗದದ ಕೆಲಸ ಒಂದಿದೆ. ಆಧಾರ್ ಕಾರ್ಡಿನ ಹೆಸರು ಮತ್ತು ಶಾಲೆಯ ದಾಖಲೆಯ ಹೆಸರು ಒಂದೇ ಇದೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ವಿದ್ಯಾರ್ಥಿವೇತನದ ಅರ್ಜಿಗೆ ತೊಂದರೆ ಆಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಬೇಕಾದವರು ಓದಿದ ಪ್ರತಿಯೊಂದು ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಹಾಕಿಸಿ ಇಟ್ಟುಕೊಳ್ಳಿ. ಶಾಲೆಗೆ ಬೀಗ ಬೀಳುವ ಮುಂಚೆ ಮುಖ್ಯ ಶಿಕ್ಷಕರನ್ನು ನೋಡಿ ಬಂದರೆ ಎರಡು ವರ್ಷದ ನಂತರ ಅಲೆಯುವುದು ತಪ್ಪುತ್ತದೆ. ನಮಸ್ಕಾರ.