ಹತ್ತು ಜನರ ಕೂಟ

ಕರ್ತನಲ್ಲಿ ಪ್ರಿಯರಾದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಎಂದು ದುರಸ್ತಿಗಾಗಿ ರೈಲು ನಿಲ್ಲಿಸಿದ್ದರೆ ನಮ್ಮ ಆರಾಧನೆಯಲ್ಲಿ ಎಷ್ಟೋ ಬೆಂಚುಗಳು ಖಾಲಿ. ಡೊಂಬಿವಲಿ, ಕಲ್ಯಾಣದಿಂದ ಬರುವವರೇ ಜಾಸ್ತಿ, ಅಲ್ವಾ? ಬಾರದವರು ರೈಲಿಲ್ಲದೆ ಬರಲಿಲ್ಲವೋ, ಮೈ ಸರಿಯಿಲ್ಲದೆ ಬರಲಿಲ್ಲವೋ, ಮನಸ್ಸು ನೊಂದು ಬರಲಿಲ್ಲವೋ, ಸಭೆ ನಡೆಸುವ ಅಯ್ಯನವರಿಗೂ ತಿಳಿಯುವುದಿಲ್ಲ. ಅದು ಅವರ ತಪ್ಪಲ್ಲ. ಮುಂಬೈಯ ಕನ್ನಡ ಸಭೆ ಅಂದರೆ ಪನ್ವೇಲಿನಿಂದ ವಿರಾರದವರೆಗೆ ಚದುರಿದ ಮನೆಗಳು. ಒಬ್ಬರೇ ಎಷ್ಟು ಮನೆ ಮುಟ್ಟಿಯಾರು? ಅದಕ್ಕೇ ನಮಗೆ ಮನೆಗಳಲ್ಲಿ ಕೂಡುವ ಚಿಕ್ಕ ಕೂಟಗಳು ಬೇಕು.

ಮೋಶೆಗೂ ಈ ಕಷ್ಟ ಇತ್ತು. ಬೆಳಗಿನಿಂದ ಸಂಜೆವರೆಗೆ ಜನ ಅವನ ಮುಂದೆ ನಿಂತಿರುತ್ತಿದ್ದರು. ಮಾವ ಇತ್ರೋ ಅದನ್ನು ನೋಡಿ, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ. ಸಾವಿರ ಜನಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಎಂದ. ವಿಮೋಚನಕಾಂಡ 18ರಲ್ಲಿ ಇದೆ. ನನ್ನ ಕಣ್ಣು ನಿಲ್ಲುವುದು ಆ ಕೊನೆಯ ಹತ್ತರ ಮೇಲೆ. ಪೌಲನ ಕಾಲದಲ್ಲೂ ಪ್ರಿಸ್ಕ, ಅಕ್ವಿಲ ಎಂಬ ದಂಪತಿಯ ಮನೆಯಲ್ಲೇ ಸಭೆ ಕೂಡುತ್ತಿತ್ತು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಬೋಧಕ ಜಾನ್ ವೆಸ್ಲಿಯವರ ಜನ ಕಟ್ಟಿದ ಪ್ರಾರ್ಥನಾ ಮಂದಿರದ ಸಾಲ ತೀರಿರಲಿಲ್ಲ. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದು ಕ್ಯಾಪ್ಟನ್ ಫಾಯ್ ಎಂಬವರು ಹೇಳಿದರು. ಬಡವರು ಎಲ್ಲಿಂದ ತರಬೇಕು ಎಂದು ಯಾರೋ ಕೇಳಿದರು. ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರ ವಾರ ಹೋಗಿ ಕೇಳುತ್ತೇನೆ, ಅವರಿಂದ ಆಗದಿದ್ದರೆ ನಾನೇ ಕೊಡುತ್ತೇನೆ ಎಂದರು ಫಾಯ್. ಉಳಿದವರೂ ಹಾಗೆಯೇ ಮನೆ ಹಂಚಿಕೊಂಡರು. ಹಣಕ್ಕೆಂದು ಬಾಗಿಲು ತಟ್ಟಿದವರಿಗೆ ಒಳಗಿನ ಬದುಕು ಕಂಡಿತು. ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಎಲ್ಲ ಗೊತ್ತಾಯಿತು. ಇಷ್ಟು ದಿನ ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಯವರಿಗೆ ಅನ್ನಿಸಿತು. ಆಮೇಲೆ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದೇ ಕಡೆ ಕೂಡತೊಡಗಿದರು. ಮೆಥಡಿಸ್ಟರ 'ಕ್ಲಾಸ್ ಮೀಟಿಂಗ್' ಹುಟ್ಟಿದ್ದು ಹೀಗೆ. ಸಾಲಕ್ಕೆಂದು ಶುರುವಾದದ್ದು ಜನರನ್ನು ಕಾಯುವ ಕೆಲಸವಾಯಿತು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಆ ರೂಢಿ ನಮ್ಮ ಮುಂಬೈಗೂ ಬಂತು. ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ 1871ರ ಕೊನೆಯಲ್ಲಿ ಇಲ್ಲಿಗೆ ಬಂದಾಗ, ಹೊಸದಾಗಿ ನಂಬಿದವರನ್ನು ಮನೆಗಳಲ್ಲೇ ಕೂಡಿಸಿದರು. ಮೆಥಡಿಸ್ಟ್ ಸಭೆ ಬೆಳೆದದ್ದು ಆ ಕೂಟಗಳಿಂದ.

ಈಗ ನಮ್ಮ ಮನೆ ಕೂಟಗಳ ಮಾತು. ಅವು ಭಾನುವಾರದ ಆರಾಧನೆಯ ಚಿಕ್ಕ ನಕಲು ಆಗಬಾರದು. ಅಲ್ಲಿ ಮತ್ತೆ ಮುಕ್ಕಾಲು ಗಂಟೆ ಪ್ರಸಂಗ ಯಾಕೆ? ಒಂದು ಕೀರ್ತನೆ ಹಾಡಿ, ವಾಕ್ಯ ಓದಿ. ಆಮೇಲೆ ಒಬ್ಬೊಬ್ಬರನ್ನೂ ಈ ವಾರ ಹೇಗಿತ್ತು ಎಂದು ಕೇಳಿ. ಸುಮ್ನೆ ಕೂತವರನ್ನು ಒತ್ತಾಯ ಮಾಡಬೇಡಿ. ಕನ್ನಡ ಓದಲು ಬಾರದ ಮಕ್ಕಳು ಹಿಂದಿಯಲ್ಲೋ ಮರಾಠಿಯಲ್ಲೋ ಓದಲಿ. ಹದಿನೈದು ಜನರಾದರೆ ಎರಡು ಕೂಟ ಮಾಡಿ. ಜನ ಹೆಚ್ಚಾದರೆ ಬಾಯಿ ಬಿಡುವವರು ನಾಲ್ಕೇ ಮಂದಿ.

ಇನ್ನು ತಿಂಡಿ. ಒಬ್ಬರ ಮನೆಯಲ್ಲಿ ಬಟಾಟೆ ವಡೆ, ಇನ್ನೊಬ್ಬರಲ್ಲಿ ಊಟ ಅಂತ ಬೆಳೆಯುತ್ತಾ ಹೋದರೆ, ಒಂದೇ ಖೋಲಿಯಲ್ಲಿ ಇರುವ ಕುಟುಂಬ ನಮ್ಮ ಮನೆಗೆ ಬನ್ನಿ ಎನ್ನಲು ಹಿಂಜರಿಯುತ್ತದೆ. ನಮಗೆ ಬೇಕಾದದ್ದು ಆ ಖೋಲಿಯೇ. ಆದ್ದರಿಂದ ಎಲ್ಲ ಮನೆಯಲ್ಲೂ ಬರೀ ಚಹಾ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ಇನ್ನೊಂದು ಮಾತು. ಕೂಟದಲ್ಲಿ ಹೇಳಿಕೊಂಡದ್ದು ಪ್ರಾರ್ಥನಾ ವಿಷಯ ಎಂಬ ಹೆಸರಲ್ಲೂ ಹೊರಗೆ ಹೋಗಬಾರದು, ವಾಟ್ಸಾಪಿಗಂತೂ ಬೇಡವೇ ಬೇಡ. ಒಬ್ಬರ ಭಾರ ಒಬ್ಬರು ಹೊರಿರಿ ಎಂದು ಗಲಾತ್ಯದವರಿಗೆ ಪೌಲ ಬರೆದ. ಭಾರ ಇಳಿಸಿದವರ ಮಾತು ಊರೆಲ್ಲ ಸುತ್ತಿದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ.

ಅಂಬರನಾಥ, ಬದಲಾಪುರದ ಕಡೆ ಇರುವವರು, ಹತ್ತಿರದಲ್ಲಿ ಕೂಟ ಇಲ್ಲದವರು, ಹೊರಡುವ ಮೊದಲು ಬಾಗಿಲ ಬಳಿ ಇರುವ ಹಿರಿಯರಿಗೆ ಹೆಸರು ಕೊಡಿ. ಯಾವ ಸಂಜೆ ಬಿಡುವು ಎಂದೂ ಹೇಳಿ. ರಾತ್ರಿ ಪಾಳಿಯವರು ಅದನ್ನೂ ಬರೆಸಿ, ನಿಮಗಾಗಿ ಬೆಳಗಿನ ಕೂಟ ಇಡೋಣ.