ಬರೀ ನೀರು ಪಾಸಿಟಿವ್ ಬಂದ ರಾತ್ರಿ

ಕೇಳುಗರಿಗೆಲ್ಲ ನಮಸ್ಕಾರ. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಲ್ಯಾಬುಗಳು ಹೊಸ ಟೆಸ್ಟನ್ನು ಹೇಗೆ ಕಟ್ಟಿ ನಿಲ್ಲಿಸಿದವು ಅನ್ನೋದನ್ನ ಹೇಳಿ ಅಂತ ನನ್ನನ್ನು ಈ ಕಾರ್ಯಕ್ರಮಕ್ಕೆ ಕರೆದಿದ್ದಾರೆ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿ ಲ್ಯಾಬ್ ನೋಡಿಕೊಳ್ಳುವವಳು. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಟೆಸ್ಟನ್ನೂ ಟೆಸ್ಟ್ ಮಾಡಬೇಕು. ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ, ಮಿಕ್ಕಿದ್ದು ಮರೆತರೂ ನನಗೆ ಬೇಜಾರಿಲ್ಲ.

ಕೊರೊನಾ ವೈರಸ್ಸಿನ ಜಾತಕ, ಅಂದರೆ ಅದರ ಜೀನುಗಳ ಪೂರ್ತಿ ಬರಹ, ನಮ್ಮ ಕೈಗೆ ಬಂದದ್ದು 2020ರ ಜನವರಿ 11ರ ಹೊತ್ತಿಗೆ. ಸುಮಾರು 30 ಸಾವಿರ ಅಕ್ಷರದ ಜಾತಕ, ಚೀನಾದ ವಿಜ್ಞಾನಿಗಳು ಎಲ್ಲರಿಗೂ ತೆರೆದಿಟ್ಟರು. ಎರಡೇ ದಿನಕ್ಕೆ, ಜನವರಿ 13ಕ್ಕೆ, ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ತಂಡ ಸಿದ್ಧಮಾಡಿದ ಟೆಸ್ಟಿನ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ತಮಾಷೆ ಏನು ಗೊತ್ತಾ? ಟೆಸ್ಟ್ ರೂಪಿಸುವಾಗ ಅವರ ಹತ್ತಿರ ಆ ವೈರಸ್ಸೇ ಇರಲಿಲ್ಲ! ಅದರ ಹತ್ತಿರದ ನಂಟ, 2003ರ ಸಾರ್ಸ್ ವೈರಸ್ಸನ್ನು ಇಟ್ಟುಕೊಂಡು ತಾಳೆ ನೋಡಿದರು. ಕಳ್ಳ ಸಿಕ್ಕಿಲ್ಲ ಅಂತ ಅವನ ಅಣ್ಣನ ವಾಸನೆ ತೋರಿಸಿ ಪೊಲೀಸ್ ನಾಯಿ ಪಳಗಿಸಿದ ಹಾಗೆ. ಆದರೂ ತಾಳೆ ನೋಡದೆ ಬಿಡಲಿಲ್ಲ, ಅದು ಮುಖ್ಯ.

ಈ ಟೆಸ್ಟಿನ ಹೆಸರು ಆರ್‌ಟಿ-ಪಿಸಿಆರ್. ಹಾಗಂದರೆ ಏನು? ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಹಾಗೆ. ಒಂದು ಚಮಚ ಮಜ್ಜಿಗೆ ರಾತ್ರಿ ಬಿದ್ದರೆ ಬೆಳಗ್ಗೆ ಪಾತ್ರೆ ತುಂಬ ಮೊಸರು. ನಮ್ಮ ಮೆಷಿನ್ನಿನಲ್ಲಿ ವೈರಸ್ಸಿನ ಒಂದು ತುಣುಕು ಪ್ರತಿ ಸುತ್ತಿಗೂ ಎರಡರಷ್ಟಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ 100 ಕೋಟಿ ದಾಟುತ್ತದೆ. ತುಣುಕು ಇದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ತೊಂದರೆಯೂ ಇಲ್ಲೇ. ಮೊಸರು ಕಲಕಿದ ಸೌಟನ್ನು ಮರೆತು ಹಾಲಿಗೆ ಅದ್ದಿದರೂ ಹಾಲು ಹೆಪ್ಪಾಗುತ್ತದೆ ತಾನೇ? ನಮ್ಮ ಸ್ಯಾಂಪಲ್ಲುಗಳನ್ನು ಹಾಕುವುದು ಪುಟ್ಟ ಪುಟ್ಟ ಗುಳಿಗಳಿರುವ ಪ್ಲೇಟಿನಲ್ಲಿ. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಒಂದು ಗುಳಿಯೊಳಗೆ ಬರೀ ನೀರು ಹಾಕುತ್ತೇವೆ. ಆ ನೀರಿನ ಗೆರೆ ಮಲಗಿರಲೇಬೇಕು.

2020ರ ಏಪ್ರಿಲ್, ಲಾಕ್‌ಡೌನ್. ರಾತ್ರಿ ಹನ್ನೊಂದೂವರೆ. ಪ್ಲೇಟಿನಲ್ಲಿ 96 ಗುಳಿ. 94 ಜನರ ಸ್ಯಾಂಪಲ್, ಒಂದು ಪಾಸಿಟಿವ್ ಕಂಟ್ರೋಲ್, ಅಂದರೆ ಪಾಸಿಟಿವ್ ಬರಲೇಬೇಕಾದದ್ದು, ಒಂದು ನೀರು. ನಾನು ಪಿಪಿಇ ಕಳಚಿ, ಬೆವರಲ್ಲಿ ನೆನೆದು ಕಾರಿಡಾರಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆರೆದಿದ್ದೆ. ನಮ್ಮ ಟೆಕ್ನೀಷಿಯನ್ ಹುಡುಗ ಬಾಗಿಲಲ್ಲಿ ನಿಂತು, "ಮೇಡಂ, ನೀರು ಎದ್ದುಬಿಟ್ಟಿದೆ" ಅಂದ. ಹೋಗಿ ನೋಡಿದೆ. ಹೌದು, ಮೂವತ್ತಮೂರನೇ ಸುತ್ತಿಗೆ ನೀರಿನ ಗೆರೆ ನಿಧಾನಕ್ಕೆ ತಲೆ ಎತ್ತಿದೆ. ಅದರ ಜೊತೆಗೆ ಒಂಬತ್ತು ಜನರದು ಪಾಸಿಟಿವ್.

ಅಷ್ಟರಲ್ಲಿ ಮೇಲಿನವರೊಬ್ಬರ ಫೋನು. "ಡಾಕ್ಟ್ರೇ, ಎಷ್ಟು ಪಾಸಿಟಿವ್? ಬುಲೆಟಿನ್‌ಗೆ ಬೇಕಿತ್ತು." ಒಂದೂ ಕೊಡಕ್ಕಾಗಲ್ಲ ಸಾರ್, ನೀರೇ ಪಾಸಿಟಿವ್ ಬಂದಿದೆ ಅಂದೆ. "ನೀರಿನ ವಿಷಯ ಬಿಡ್ರೀ, ಜನರದು ಹೇಳಿ" ಅಂದರು. ಇವತ್ತಿಗೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ನೀರಿಗೇ ಕೊರೊನಾ ಅನ್ನುವ ಟೆಸ್ಟು ಮನುಷ್ಯರ ಬಗ್ಗೆ ಏನು ಹೇಳೀತು?

ರಾತ್ರಿಯಿಡೀ ಹುಡುಕಿದೆವು. ಹೊಸ ನೀರಿನ ಟ್ಯೂಬ್ ಒಡೆದೆವು, ಮತ್ತೆ ಎದ್ದಿತು. ವೈರಸ್ಸಿನ ತುಣುಕನ್ನು ಗುರುತಿಸಿ ಅಂಟಿಕೊಳ್ಳುವ ಪ್ರೈಮರ್ ಅಂತ ಇರುತ್ತದೆ, ಅದನ್ನೂ ಹೊಸದು ತೆಗೆದೆವು, ಮತ್ತೆ ಎದ್ದಿತು. ಕೊನೆಗೆ ಆ ಹುಡುಗನೇ, ಹನಿ ಅಳೆದು ಹಾಕುವ ಪಿಪೆಟ್ಟನ್ನು ತಿರುಗಿಸಿ ನೋಡಿದ. ಹಿಡಿಯ ಮೇಲೆ ಕೆಂಪು ಟೇಪು. ನಮ್ಮಲ್ಲಿ ಕೆಂಪು ಟೇಪಿನದು ಸ್ಯಾಂಪಲ್ ಕೋಣೆಯದು, ಟೆಸ್ಟಿನ ಮಿಶ್ರಣ ಕಲಸುವ ಕೋಣೆಗೆ ಅದು ಕಾಲಿಡುವ ಹಾಗೇ ಇಲ್ಲ. ಅಲ್ಲಿನ ಪಿಪೆಟ್ ಕೆಟ್ಟಿತ್ತು, ಲಾಕ್‌ಡೌನಿನಲ್ಲಿ ರಿಪೇರಿಗೆ ಯಾರೂ ಸಿಗುತ್ತಿರಲಿಲ್ಲ. ಮಧ್ಯಾಹ್ನ ಅವಸರದಲ್ಲಿ ಇದನ್ನು ತಂದಿಟ್ಟವರು ಯಾರು? ನಾನೇ. ಹುಡುಗ ಏನೂ ಅನ್ನಲಿಲ್ಲ, ಸುಮ್ಮನೆ ಬೇರೆ ಪಿಪೆಟ್ ತೆಗೆದುಕೊಂಡ. ಬೆಳಗಿನ ಆರು ಗಂಟೆಗೆ ನೀರು ಮಲಗಿತು. ಒಂಬತ್ತರಲ್ಲಿ ಉಳಿದದ್ದು ಎರಡೇ ಪಾಸಿಟಿವ್. ಫೋನಿನಲ್ಲಿ ಒಂಬತ್ತು ಅಂದುಬಿಟ್ಟಿದ್ದರೆ, ಇನ್ನುಳಿದ ಏಳು ಜನರ ಮನೆ ಮುಂದೆ ರಾತ್ರೋರಾತ್ರಿ ಆಂಬುಲೆನ್ಸ್ ನಿಂತು, ಬೀದಿಗೆ ಬ್ಯಾರಿಕೇಡ್ ಬಿದ್ದು, ಅಕ್ಕಪಕ್ಕದವರು ಕಿಟಕಿಯಿಂದ ಇಣುಕಿ... ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಮಗೆ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಸಿಡಿಸಿ, ರೋಗ ನಿಯಂತ್ರಣದ ಅಷ್ಟು ದೊಡ್ಡ ಸರ್ಕಾರಿ ಸಂಸ್ಥೆ, ದೇಶಕ್ಕೆಲ್ಲ ಕಳಿಸಿದ ಕಿಟ್ಟು ವೈರಸ್ ಇಲ್ಲದ ಟ್ಯೂಬಿನಲ್ಲೂ ಪಾಸಿಟಿವ್ ತೋರಿಸಿತು. ವಾರಗಟ್ಟಲೆ ಕಾಲ ಹಾಳಾಯಿತು. ಕಿಟ್ಟಿನ ಒಂದು ಭಾಗ ಕಲುಷಿತವಾಗಿತ್ತು, ಇನ್ನೊಂದರ ವಿನ್ಯಾಸದಲ್ಲೇ ತಪ್ಪಿತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಹಿಡಿದುಕೊಟ್ಟದ್ದು ರಾಜ್ಯಗಳ ಲ್ಯಾಬಿನವರು, ಬಳಸುವ ಮೊದಲು ಟೆಸ್ಟನ್ನು ಟೆಸ್ಟ್ ಮಾಡಿದವರು.

ಅಯ್ಯೋ, ನೀರಿನ ಕಥೆಗೇ ಸಮಯವೆಲ್ಲ ಹೋಯಿತು. ಬೇಗ ಹೇಳಿಬಿಡುತ್ತೇನೆ. ಹೊಸ ಕಿಟ್ ಬಂದರೆ ಪಾಸಿಟಿವ್ ಅಂತ ಖಾತ್ರಿಯಾದ ಸ್ಯಾಂಪಲ್, ನೆಗೆಟಿವ್ ಅಂತ ಖಾತ್ರಿಯಾದ ಸ್ಯಾಂಪಲ್ ಎರಡನ್ನೂ ಹೆಸರು ಮುಚ್ಚಿ ಮೆಷಿನ್ನಿಗೆ ಹಾಕಿ ನೋಡುತ್ತೇವೆ. ಪಾಸಿಟಿವ್ ಸ್ಯಾಂಪಲನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ ಎಲ್ಲಿಯವರೆಗೆ ಹಿಡಿಯುತ್ತದೆ ನೋಡುತ್ತೇವೆ. ಬೇರೆ ನೆಗಡಿ ವೈರಸ್ ಕೊಟ್ಟು ಮೋಸ ಹೋಗುತ್ತದಾ ನೋಡುತ್ತೇವೆ. ಇದಕ್ಕೆ ದಿನ ಹಿಡಿಯುತ್ತದೆ. 2020ರ ಏಪ್ರಿಲ್‌ನಲ್ಲೇ ಹೊರದೇಶದಿಂದ ತರಿಸಿದ ರಾಪಿಡ್ ಆಂಟಿಬಾಡಿ ಕಿಟ್‌ಗಳನ್ನು, ಅಂದರೆ ರಕ್ತದಲ್ಲಿ ರೋಗದ ಪ್ರತಿಕಾಯ ಹುಡುಕುವ ದಿಢೀರ್ ಟೆಸ್ಟುಗಳನ್ನು, ರಾಜ್ಯಗಳು ಬಳಸಲು ಶುರುಮಾಡಿದ ಮೇಲೆ, ಫಲಿತಾಂಶಕ್ಕೆ ತಾಳಮೇಳ ಇಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ನಿಲ್ಲಿಸಿಬಿಡಬೇಕಾಯಿತು.

ಇನ್ನೊಂದೇ ವಿಷಯ, ಮೂಗಿನದು. ನಿಮ್ಮ ಸ್ಯಾಂಪಲ್ಲಿನಲ್ಲಿ ನಾವು ವೈರಸ್ಸನ್ನು ಮಾತ್ರ ಹುಡುಕುವುದಿಲ್ಲ, ನಿಮ್ಮದೇ ಒಂದು ಜೀನನ್ನೂ ಹುಡುಕುತ್ತೇವೆ. ಅದು ಸಿಗದಿದ್ದರೆ ಕಡ್ಡಿ ಮೂಗಿನ ಒಳಗೆ ಸರಿಯಾಗಿ ಹೋಗಿಲ್ಲ ಅಂತಲೋ, ಲ್ಯಾಬಿನಲ್ಲಿ ಎಲ್ಲೋ ಎಡವಟ್ಟಾಗಿದೆ ಅಂತಲೋ ಅರ್ಥ. ಆಗ ನಾವು ನೆಗೆಟಿವ್ ಅಂತ ಬರೆಯುವುದಿಲ್ಲ, ಇನ್ನೊಮ್ಮೆ ಬನ್ನಿ ಅಂತ ಫೋನ್ ಮಾಡುತ್ತೇವೆ. ಫೋನ್ ಮಾಡುವ ಹುಡುಗ ರಾತ್ರಿ ನಿದ್ದೆ ಮಾಡಿರುವುದಿಲ್ಲ, ಅವನನ್ನು ಬೈಯಬೇಡಿ. ಬಂದು ಕೂತು, ತಲೆ ಹಿಂದಕ್ಕೆ ಬಾಗಿಸಿ, ಆ ಹತ್ತು ಸೆಕೆಂಡು ಅಲ್ಲಾಡದೆ ಇರಿ. ನಮಸ್ಕಾರ.