ಲೂಮನ್ ಕಚೇರಿಯ ಕನ್ನಡಿ ಗೋಡೆ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಕಟ್ಟಡದ ಬಗ್ಗೆ ಮಾತಾಡೋಣ. ಟೀವಿಯಲ್ಲಿ ಅದು ಲೂಮನ್ ಇಂಡಸ್ಟ್ರೀಸ್ ಎಂಬ ಕಂಪನಿಯ ಪ್ರಧಾನ ಕಚೇರಿ. ಧಾರಾವಾಹಿಯ ಹೆಸರು 'ಸೆವರೆನ್ಸ್'. ಆಪಲ್ ಟೀವಿ ಪ್ಲಸ್‌ನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾಯಿತು. ಎರಡನೇ ಸೀಸನ್ 2025ರ ಜನವರಿಯಲ್ಲಿ ಬಂತು. ಕಥೆಯ ಕಲ್ಪನೆ ಡ್ಯಾನ್ ಎರಿಕ್ಸನ್ ಅವರದು. ಹೆಚ್ಚಿನ ಎಪಿಸೋಡುಗಳನ್ನು ನಿರ್ದೇಶಿಸಿದವರು ಬೆನ್ ಸ್ಟಿಲ್ಲರ್.

ನೋಡದವರಿಗೆ ಕಥೆ ಎರಡು ಮಾತಿನಲ್ಲಿ ಹೇಳುತ್ತೇನೆ. ಲೂಮನ್‌ನ ಕೆಲವು ನೌಕರರ ಮಿದುಳಿನೊಳಗೆ ಒಂದು ಚಿಪ್ ಇಡುತ್ತಾರೆ. ಲಿಫ್ಟ್ ನೆಲಮಾಳಿಗೆಗೆ ಇಳಿದ ಕೂಡಲೇ ಹೊರಗಿನ ನೆನಪೆಲ್ಲ ಹೋಗುತ್ತದೆ. ಮನೆ ಎಲ್ಲಿ, ಹೆಂಡತಿ ಯಾರು, ಮಕ್ಕಳಿದ್ದಾರಾ, ಏನೂ ಗೊತ್ತಿಲ್ಲ. ಸಂಜೆ ಲಿಫ್ಟ್ ಮೇಲೆ ಬಂದಾಗ ಹೊರಗಿನ ಮನುಷ್ಯ ವಾಪಸ್ ಬರುತ್ತಾನೆ. ಹಗಲಿಡೀ ಏನು ಮಾಡಿದೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಒಳಗಿನವನ ಪಾಡು ಇನ್ನೂ ಕಷ್ಟ. ಅವನಿಗೆ ರಾತ್ರಿಯೇ ಇಲ್ಲ, ನಿದ್ದೆಯಿಲ್ಲ, ಬಿಸಿಲಿಲ್ಲ. ಸಂಜೆ ಲಿಫ್ಟಿನ ಬಾಗಿಲು ಮುಚ್ಚಿದರೆ ಮರುಕ್ಷಣವೇ ಮಾರನೆಯ ಬೆಳಗ್ಗೆ.

ಕಥಾನಾಯಕ ಮಾರ್ಕ್. ಪಾತ್ರ ಮಾಡಿದವರು ಆ್ಯಡಮ್ ಸ್ಕಾಟ್. ಮಾರ್ಕ್‌ಗೆ ಹೆಂಡತಿ ತೀರಿಕೊಂಡ ದುಃಖ. ದಿನಕ್ಕೆ ಎಂಟು ಗಂಟೆಯಾದರೂ ಅದು ಮರೆಯಲಿ ಅಂತ ಈ ಕೆಲಸಕ್ಕೆ ಸೇರಿರುತ್ತಾನೆ. ಬೆಳಗ್ಗೆ ಕಚೇರಿಯ ಪಾರ್ಕಿಂಗ್‌ನಲ್ಲಿ ಕಾರೊಳಗೇ ಕೂತು ಅಳುತ್ತಾನೆ. ಸುತ್ತ ಹಿಮ. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾನೆ. ಲಾಕರ್ ಮುಂದೆ ನಿಂತು ಕೈಗಡಿಯಾರ ಬದಲಿಸುತ್ತಾನೆ. ಲಿಫ್ಟ್ ಇಳಿಯುತ್ತದೆ. ಕ್ಯಾಮೆರಾ ಅವನ ಮುಖದ ಮೇಲೇ ಇದೆ. ಒಂದೇ ಕ್ಷಣ ರೆಪ್ಪೆ ಅದುರುತ್ತದೆ. ಬಾಗಿಲು ತೆರೆದಾಗ ಅದೇ ಮುಖದಲ್ಲಿ ಬೇರೆ ಮನುಷ್ಯ. ಕಣ್ಣು ಮಾತ್ರ ಇನ್ನೂ ಕೆಂಪು, ಯಾಕೆ ಕೆಂಪು ಅಂತ ಅವನಿಗೇ ಗೊತ್ತಿಲ್ಲ. ಇಡೀ ಧಾರಾವಾಹಿಯ ಸಂಕಟ ಆ ಲಿಫ್ಟಿನಲ್ಲಿದೆ.

ಕೆಳಗೆ ಇಳಿದರೆ ಬಿಳಿ ಕಾರಿಡಾರ್‌ಗಳು. ತಿರುಗಿದಲ್ಲೆಲ್ಲ ಮತ್ತೊಂದು ಕಾರಿಡಾರ್. ಒಂದು ಕಿಟಕಿಯೂ ಇಲ್ಲ. ದೊಡ್ಡ ಕೋಣೆಯಲ್ಲಿ ಹಸಿರು ಕಾರ್ಪೆಟ್, ನಟ್ಟನಡುವೆ ನಾಲ್ಕೇ ಮೇಜು. ಹಳೇ ಕಾಲದ ಕಂಪ್ಯೂಟರ್ ಪರದೆಯ ಮೇಲೆ ಅಂಕಿಗಳು ತೇಲುತ್ತಿರುತ್ತವೆ. ಯಾವ ಅಂಕಿ ನೋಡಿದರೆ ಭಯವಾಗುತ್ತದೋ ಅದನ್ನು ಆರಿಸಿ ಡಬ್ಬಿಗೆ ಹಾಕಬೇಕು. ಯಾಕೆ ಅಂತ ಮಾಡುವವರಿಗೇ ಗೊತ್ತಿಲ್ಲ. ಈ ಒಳಗಿನ ಲೋಕವೆಲ್ಲ ಸೆಟ್. ವಿನ್ಯಾಸ ಜೆರೆಮಿ ಹಿಂಡಲ್ ಅವರದು. ಕಟ್ಟಿದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಒಂದು ಸ್ಟುಡಿಯೋದಲ್ಲಿ.

ಆದರೆ ಹೊರಗೆ ಕಾಣುವ ಕಟ್ಟಡ, ಆ ದೊಡ್ಡ ಲಾಬಿ, ಅವು ನಿಜ. ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬ ಊರಲ್ಲಿವೆ. ಅದು ಬೆಲ್ ಲ್ಯಾಬ್ಸ್ ಎಂಬ ಹೆಸರಾಂತ ಸಂಶೋಧನಾ ಸಂಸ್ಥೆಯ ಕಟ್ಟಡವಾಗಿತ್ತು. ವಾಸ್ತುಶಿಲ್ಪಿ ಈರೋ ಸಾರಿನೆನ್. ಸೇಂಟ್ ಲೂಯಿಸ್‌ನ ಆಕಾಶದೆತ್ತರದ ಕಮಾನು, ನ್ಯೂಯಾರ್ಕ್ ವಿಮಾನ ನಿಲ್ದಾಣದ ರೆಕ್ಕೆ ಬಿಚ್ಚಿದಂಥ, ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯ ಟರ್ಮಿನಲ್ ಕೂಡ ಅವರದೇ. ಹೋಮ್‌ಡೆಲ್ ಕಟ್ಟಡ ಬಾಗಿಲು ತೆರೆದದ್ದು 1962ರಲ್ಲಿ. ಅದನ್ನು ನೋಡಲು ಸಾರಿನೆನ್ ಇರಲಿಲ್ಲ. ಹಿಂದಿನ ವರ್ಷ, 51ನೇ ವಯಸ್ಸಿಗೇ ತೀರಿಕೊಂಡಿದ್ದರು.

472 ಎಕರೆ ಜಾಗ. ನಡುವೆ ಆರು ಅಂತಸ್ತಿನ ಉದ್ದನೆಯ ಗಾಜಿನ ಪೆಟ್ಟಿಗೆ. ಸುತ್ತ ಮೊಟ್ಟೆಯಾಕಾರದ ರಸ್ತೆ, ಕೊಳಗಳು. ಪ್ರವೇಶದಲ್ಲಿ ಮೂರು ಕಾಲಿನ ಬಿಳಿ ನೀರಿನ ಟ್ಯಾಂಕ್, ಅದಕ್ಕೆ ರೇಡಿಯೋ, ಕಂಪ್ಯೂಟರ್‌ಗಳ ಒಳಗಿರುವ ಪುಟ್ಟ ಬಿಡಿಭಾಗ ಟ್ರಾನ್ಸಿಸ್ಟರ್‌ನ ಆಕಾರ. ಟ್ರಾನ್ಸಿಸ್ಟರ್ ಕಂಡುಹಿಡಿದದ್ದು ಬೆಲ್ ಲ್ಯಾಬ್ಸ್ ಅಲ್ವಾ, ಅದರ ಹೆಮ್ಮೆ. 60ರ ದಶಕದಲ್ಲೂ 80ರ ದಶಕದಲ್ಲೂ ಕಟ್ಟಡ ಬೆಳೆಯಿತು. ಕೊನೆಗೆ ಸುಮಾರು 20 ಲಕ್ಷ ಚದರ ಅಡಿ ಆಯಿತು. ಜಾಸ್ತಿ ಜನ ಇದ್ದ ಕಾಲದಲ್ಲಿ 6,000 ಮಂದಿಯಷ್ಟು ಕೆಲಸ ಮಾಡುತ್ತಿದ್ದರು. ಹೊರಗೋಡೆ ಪೂರ್ತಿ ಕನ್ನಡಿ ಗಾಜು. ಒಳಗಿನಿಂದ ಹೊಲ, ಆಕಾಶ ಎಲ್ಲ ಕಾಣುತ್ತದೆ. ಹೊರಗಿನಿಂದ ಹಗಲಲ್ಲಿ ನೋಡಿದರೆ ನಿಮ್ಮ ಬಿಂಬವೇ ಕಾಣುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕನ್ನಡಿ ಕಚೇರಿಗಳಿಗೆಲ್ಲ ಈ ಕಟ್ಟಡ ಹಿರಿಯಕ್ಕ.

ಈಗ ನನ್ನನ್ನು ತುಂಬಾ ಕಾಡಿದ ವಿಷಯಕ್ಕೆ ಬರುತ್ತೇನೆ. ಲೂಮನ್‌ನ ಕಿಟಕಿಯಿಲ್ಲದ ಕೋಣೆಗಳು ಧಾರಾವಾಹಿಯವರ ಕಲ್ಪನೆ ಅಂತ ಅನಿಸುತ್ತದೆ. ಆದರೆ ಸಾರಿನೆನ್ ಅವರ ಕಟ್ಟಡದಲ್ಲೂ ಪ್ರಯೋಗಾಲಯಗಳಿಗೆ, ಕಚೇರಿ ಕೋಣೆಗಳಿಗೆ ಕಿಟಕಿ ಇರಲಿಲ್ಲ! ಗಾಜಿನ ಪಕ್ಕದಲ್ಲಿದ್ದದ್ದು ಕಾರಿಡಾರ್. ಕೋಣೆಗಳೆಲ್ಲ ಒಳಕ್ಕೆ. ಅವರ ಲೆಕ್ಕ ಹೀಗಿತ್ತು: ಏಸಿ ಇದೆ, ಒಳ್ಳೆಯ ದೀಪ ಇದೆ, ಗಾಳಿ ಬೆಳಕಿಗೆ ಅಂತ ಕಿಟಕಿ ಬೇಕಿಲ್ಲ. ಹೊರಗಿನ ನೋಟ ಬೇಕಾದವರು ಎದ್ದು ಕಾರಿಡಾರಿಗೆ ಬರಲಿ. ಅಲ್ಲಿ ಇನ್ನೊಬ್ಬರು ಸಿಗುತ್ತಾರೆ, ಮಾತು ಹುಟ್ಟುತ್ತದೆ. ಐಬಿಎಂಗಾಗಿ ಯಾರ್ಕ್‌ಟೌನ್‌ನಲ್ಲಿ ಕಟ್ಟಿದ ಕೇಂದ್ರದಲ್ಲೂ ಅವರು ಇದನ್ನೇ ಮಾಡಿದ್ದರು.

ಒಳ್ಳೆಯ ಉದ್ದೇಶವೇ. ಆದರೂ ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಕೂರುವುದು ನನಗಂತೂ ಒಗ್ಗದ ಮಾತು. ಧಾರಾವಾಹಿಯವರು ಈ ಕಟ್ಟಡದಲ್ಲಿ ಆಗಲೇ ಇದ್ದ ಎರಡು ಗುಣ ಕಂಡುಕೊಂಡರು. ಒಂದು, ಹೊರಗಿನವರಿಗೆ ಏನೂ ತೋರಿಸದ ಕನ್ನಡಿ. ಇನ್ನೊಂದು, ಹೊರಗನ್ನು ಮರೆಸುವ ಕೋಣೆ. ಆಮೇಲೆ ಸಾರಿನೆನ್ ಬಯಸಿದ್ದನ್ನು, ಅಂದರೆ ಜನ ಜನರನ್ನು ಎದುರಾಗುವುದನ್ನು, ತೆಗೆದುಹಾಕಿದರು. ಆರು ಸಾವಿರ ಮಂದಿಗೆ ಅಂತ ಕಟ್ಟಿದ ಕಡೆ ಒಬ್ಬನೇ ಮಾರ್ಕ್ ನಡೆಯುತ್ತಾನೆ. ಲಾಬಿಯ ಗೋಡೆಯ ಮೇಲೆ ಕಂಪನಿ ಸ್ಥಾಪಕನ ದೊಡ್ಡ ಉಬ್ಬುಮುಖ. ಹೆದರಿಸಲು ಬೇರೇನೂ ಬೇಕಾಗಲಿಲ್ಲ.

ಇದೇ ಜಾಗದಲ್ಲಿ ನಿಜವಾಗಿ ಏನೇನು ನಡೆಯಿತು ಗೊತ್ತಾ? ಈ ಕಟ್ಟಡ ಬರುವ ಮುಂಚೆಯೇ ಇಲ್ಲಿ ಬೆಲ್ ಲ್ಯಾಬ್ಸ್‌ನವರ ಆಂಟೆನಾಗಳಿದ್ದವು. 30ರ ದಶಕದ ಆರಂಭ. ಕಾರ್ಲ್ ಜಾನ್ಸ್ಕಿ ಎಂಬ ಯುವ ಎಂಜಿನಿಯರ್. ಸಾಗರದಾಚೆಗಿನ ರೇಡಿಯೋ ಟೆಲಿಫೋನ್ ಮಾತುಗಳ ನಡುವೆ ಗೊರಗೊರ ಸದ್ದು ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡುವುದು ಅವರ ಕೆಲಸ. ಸುಮಾರು 30 ಮೀಟರ್ ಉದ್ದದ ಆಂಟೆನಾವನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳ ಮೇಲೆ ಕೂರಿಸಿ ಸುತ್ತಿಸಿದರು. ಗುಡುಗು ಮಿಂಚಿನ ಸದ್ದು ಸಿಕ್ಕಿತು. ಅದರ ಜೊತೆಗೆ ಒಂದು ಸಣ್ಣ, ಬಿಡದ ಸದ್ದೂ ಸಿಕ್ಕಿತು. ಅದು ದಿನಾ ಸುಮಾರು ನಾಲ್ಕು ನಿಮಿಷ ಮೊದಲೇ ಜೋರಾಗುತ್ತಿತ್ತು. ನಕ್ಷತ್ರಗಳೂ ದಿನಾ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ. ಅಲ್ಲಿಗೆ ಗುಟ್ಟು ಬಯಲಾಯಿತು. ಆ ಸದ್ದು ನಮ್ಮ ಆಕಾಶಗಂಗೆಯ ನಡುಭಾಗದಿಂದ, ಧನು ರಾಶಿಯ ದಿಕ್ಕಿನಿಂದ ಬರುತ್ತಿತ್ತು. 1933ರಲ್ಲಿ ಜಗತ್ತಿಗೆ ತಿಳಿಸಿದರು. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದ್ದು ಹೀಗೆ. ನಮ್ಮ ಗೌರಿಬಿದನೂರಿನಲ್ಲಿ ಆಕಾಶ ಆಲಿಸಿದ ಆಂಟೆನಾ ಸಾಲುಗಳೂ ಅದೇ ದಾರಿಯವು.

ಮುಂದೆ ಇದೇ ಕಟ್ಟಡದಲ್ಲಿ ಸ್ಟೀವನ್ ಚು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣ್ಣಗಾಗಿಸಿದರು. ಅದಕ್ಕೆ 1997ರ ನೊಬೆಲ್ ಬಂತು. ಕಿಟಕಿಯಿಲ್ಲದ ಕೋಣೆಯೇ ಇರಬಹುದು, ಆದರೆ ತಾವು ಏನು ಹುಡುಕುತ್ತಿದ್ದೇವೆ ಅಂತ ಇವರಿಗೆಲ್ಲ ಗೊತ್ತಿತ್ತು. ಸಂಜೆ ಮನೆಗೆ ಹೋದ ಮೇಲೂ ಅದರ ಬಗ್ಗೆ ಯೋಚಿಸುವ ಹಕ್ಕಿತ್ತು. ಲೂಮನ್ ಕಿತ್ತುಕೊಂಡದ್ದು ಅದನ್ನು.

ಈ ಕಟ್ಟಡ ಇನ್ನೇನು ಹೋಗಿಯೇ ಬಿಡುತ್ತಿತ್ತು. 2006ರಲ್ಲಿ ಮಾರಾಟದ ಮಾತು ಬಂತು. ಕೊಳ್ಳಬೇಕೆಂದಿದ್ದವರು ಕೆಡವುವ ಯೋಜನೆ ಇಟ್ಟುಕೊಂಡಿದ್ದರು. ವಿಜ್ಞಾನಿಗಳೂ ಹಳೆಯ ಕಟ್ಟಡಗಳ ಬಗ್ಗೆ ಕಾಳಜಿಯಿರುವವರೂ ಬೇಡ ಎಂದರು. 2007ರಲ್ಲಿ ಖಾಲಿಯಾಗಿ ವರ್ಷಗಟ್ಟಲೆ ಪಾಳು ಬಿತ್ತು. 2013ರಲ್ಲಿ ಒಂದು ಡೆವಲಪರ್ ಸಂಸ್ಥೆ 2 ಕೋಟಿ 70 ಲಕ್ಷ ಡಾಲರ್‌ಗೆ ಕೊಂಡಿತು. ಬೆಲ್ ವರ್ಕ್ಸ್ ಅಂತ ಹೆಸರಿಟ್ಟು ಎಲ್ಲರಿಗೂ ಬಾಗಿಲು ತೆರೆಯಿತು. ನಡುವಿನ ದೊಡ್ಡ ಅಂಗಳ ಸುಮಾರು 400 ಮೀಟರ್ ಉದ್ದ. ಅಲ್ಲೀಗ ಅಂಗಡಿ, ಹೋಟೆಲು, ಊರಿನ ಸಾರ್ವಜನಿಕ ಗ್ರಂಥಾಲಯ ಎಲ್ಲ ಇವೆ. ಮೇಲೆ ಕಂಪನಿಗಳ ಕಚೇರಿಗಳು.

ನ್ಯೂಜೆರ್ಸಿಯಲ್ಲಿ ಕನ್ನಡದವರು ಬಹಳ ಮಂದಿ ಇದ್ದಾರೆ. ಮಗನ ಮನೆಗೋ ಮಗಳ ಮನೆಗೋ ಹೋಗುವ ಕೇಳುಗರು ಒಂದು ಮಧ್ಯಾಹ್ನ ಇದಕ್ಕೆ ಇಡಿ. ಅಂಗಳಕ್ಕೆ ಹೋಗಲು ಬ್ಯಾಡ್ಜ್ ಬೇಕಿಲ್ಲ. ಲಾಬಿ ನೋಡಿ ಅಲ್ಲಿಂದಲೇ ಹೊರಟುಬಿಡಬೇಡಿ. ಅದೇ ಆವರಣದಲ್ಲಿ ಜಾನ್ಸ್ಕಿ ಆಂಟೆನಾ ಇದ್ದ ಜಾಗದಲ್ಲಿ 1998ರಲ್ಲಿ ಒಂದು ಸ್ಮಾರಕ ಮಾಡಿದ್ದಾರೆ. 1932ರ ಸೆಪ್ಟೆಂಬರ್ 16ರ ಸಂಜೆ 7 ಗಂಟೆ 10 ನಿಮಿಷಕ್ಕೆ, ಸದ್ದು ಜೋರಾಗಿದ್ದಾಗ, ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಸ್ಮಾರಕವೂ ಅದೇ ದಿಕ್ಕಿಗಿದೆ. ಅದನ್ನೂ ನೋಡಿ ಬನ್ನಿ.

ನಮಸ್ಕಾರ.